ಕಪ್ಪೆ ಎಸೆದು ಕಾಯೋದು

ಬೆಳಗ್ಗೆ ಆರೂವರೆ. ಸೂರ್ಯ ಇನ್ನೂ ಬಂದಿಲ್ಲ. ಒಂಬತ್ತಕ್ಕೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಇದೆ, ಅಷ್ಟರೊಳಗೆ ನನಗೆ ಒಂದೂವರೆ ಗಂಟೆ ಸಿಗುತ್ತೆ. ಟೆಕ್ಸಸ್‌ನ ಆಸ್ಟಿನ್ ಹತ್ತಿರ ನಾವಿರೋ ಬಡಾವಣೆಯ ಪಕ್ಕ ಒಂದು ಪಾರ್ಕ್, ಪಾರ್ಕಿನಲ್ಲೊಂದು ಕೊಳ. ಆರು ವರ್ಷದಿಂದ ಅಲ್ಲಿ ಬ್ಯಾಸ್ ಮೀನಿಗೆ ಗಾಳ ಹಾಕ್ತಾ ಇದ್ದೀನಿ. ಈ ಸಲ ಏಪ್ರಿಲ್‌ನಲ್ಲಿ ಜೊತೆಗೆ ಅಪ್ಪ ಇದ್ದ.

ಅಪ್ಪ ಮಂಡ್ಯ ಕಡೆಯ ಹಳ್ಳಿಯವನು. ನಾನು ಏಳನೇ ಕ್ಲಾಸಲ್ಲಿದ್ದಾಗ ಅವ್ವ ಹೋದಳು. ಆಮೇಲೆ ಗದ್ದೆ ಕೆಲಸ, ಅಡುಗೆ, ನನ್ನ ಜಡೆ ಎಲ್ಲಾ ಅವನದೇ. ವರ್ಷಗಟ್ಟಲೆ ಕರೆದ ಮೇಲೆ ಅಂತೂ ವಿಮಾನ ಹತ್ತಿದ. ಬಂದು ಹತ್ತು ದಿನಕ್ಕೇ ಸೋಫಾ, ಟೀವಿ, ಮತ್ತೆ ಸೋಫಾ. ನಾನು ಮೀಟಿಂಗ್ ಮುಗಿಸಿ ಬಂದ್ರೆ 'ಊಟ ಆಯ್ತಾ' ಅಂತ ಅವನು ಕೇಳೋದು, 'ಆಯ್ತು' ಅಂತ ನಾನು ಹೇಳೋದು. ಅಷ್ಟೇ ಮಾತು. ಅದಕ್ಕೇ ಕೊಳಕ್ಕೆ ಕರ್ಕೊಂಡು ಹೋದೆ. ಇಲ್ಲಿ ಹದಿನೇಳು ದಾಟಿದವರು ಗಾಳ ಹಿಡಿಯೋಕೆ ಲೈಸೆನ್ಸ್ ಬೇಕು, ನೆಂಟರಾಗಿ ಬಂದವರಿಗೂ. ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಹಿಡಿದ್ರೆ ಮಾತ್ರ ಬೇಡ. 'ಮೀನು ಹಿಡಿಯಾಕೂ ಟಿಕೇಟಾ' ಅಂತ ಅಪ್ಪ ನಕ್ಕ. ಬಂದ ಮೇಲೆ ಅದೇ ಮೊದಲ ನಗು.

ನನ್ನ ಡಬ್ಬಿ ತೆರೆದಾಗ ಇನ್ನೊಂದು ಸಲ ನಕ್ಕ. 'ಎರೆಹುಳ ಎಲ್ಲವ್ವಾ? ಇದ್ನ ಮೀನು ತಿಂದದೇ?' ಡಬ್ಬಿ ತುಂಬಾ ಪ್ಲಾಸ್ಟಿಕ್. ಎಲ್ಲಾ ನೀರಿನ ಮೇಲೆ ತೇಲೋ ಲ್ಯೂರ್‌ಗಳು, ಅಂದ್ರೆ ಸುಳ್ಳು ಎರೆ. ಇದನ್ನೇ ಟಾಪ್‌ವಾಟರ್ ಅನ್ನೋದು. ಮೀನು ಕೆಳಗಿನಿಂದ ನುಗ್ಗಿ ನೀರನ್ನು ಒಡೆದು ಮೇಲೆ ಬರೋದು ಕಣ್ಣಿಗೇ ಕಾಣುತ್ತೆ, ಬಕೆಟ್ ಎತ್ತಿಹಾಕಿದ ಹಾಗೆ ಸದ್ದು. ಒಂದು ಸಲ ನೋಡಿದವರು ಬೇರೆ ಥರ ಮೀನು ಹಿಡಿಯೋಕೆ ಬೇಸರಪಡ್ತಾರೆ. ನನ್ನ ಕಥೆ ಅದೇ.

ಯಾವಾಗ ಅಂತ ಕೇಳಿದ್ರೆ, ಮೊದಲು ನೀರಿನ ಬಿಸಿ ನೋಡಿ. 60 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 15 ಸೆಲ್ಸಿಯಸ್ ದಾಟೋ ತನಕ ನಾನು ಟಾಪ್‌ವಾಟರ್ ಕಟ್ಟೋದೇ ಇಲ್ಲ. 70 ದಾಟಿದ ಮೇಲೆ ಮಜಾ ಶುರು. ಆಮೇಲೆ ಬೆಳಕು. ಬ್ಯಾಸ್‌ಗೆ ಕಣ್ಣುರೆಪ್ಪೆ ಇಲ್ಲ, ಬಿಸಿಲೇರಿದ್ರೆ ಆಳಕ್ಕೋ ನೆರಳಿಗೋ ಸರಿದುಬಿಡುತ್ತೆ. ನಸುಕಲ್ಲಿ, ಮುಸ್ಸಂಜೆಯಲ್ಲಿ ಅದು ಕೆಳಗೆ ನಿಂತು ಮೇಲೆ ನೋಡುತ್ತೆ. ಮಬ್ಬು ಆಕಾಶದ ಎದುರು ಲ್ಯೂರ್ ಬರೀ ಕಪ್ಪು ನೆರಳು, ಪ್ಲಾಸ್ಟಿಕ್ಕೋ ಮೀನೋ ಅಂತ ನೋಡೋಕೆ ಅದಕ್ಕೆ ಪುರುಸೊತ್ತಿಲ್ಲ. ಮೋಡ ಕವಿದ ದಿನ ರಜೆ ಹಾಕಿ. ಮಧ್ಯಾಹ್ನವರೆಗೂ ಕಚ್ಚುತ್ತೆ. ಸಣ್ಣ ಗಾಳಿಯ ಅಲೆ ಒಳ್ಳೇದು, ದೊಡ್ಡ ಅಲೆ ಎದ್ರೆ ಲ್ಯೂರ್ ಅದಕ್ಕೆ ಕಾಣಲ್ಲ, ಕೇಳಲ್ಲ. ಟೆಕ್ಸಸ್‌ನ ಜುಲೈ ಆಗಸ್ಟ್‌ನಲ್ಲಂತೂ ನಸುಕಿನ ಮೊದಲ ಒಂದು ಗಂಟೆ, ಇಲ್ಲಾಂದ್ರೆ ರಾತ್ರಿ.

ಲ್ಯೂರ್‌ಗಳಲ್ಲಿ ಹೊಸಬರಿಗೆ ನಾನು ಕೊಡೋದು ಪಾಪರ್. ಅದರ ಬಾಯಿ ಬಟ್ಟಲಿನ ಹಾಗೆ ಒಳಗೆ ಕುಳಿ. ಎಸೆದು, ಬಿದ್ದ ಜಾಗದ ಉಂಗುರ ಅಲೆಗಳು ಪೂರ್ತಿ ಆರೋವರೆಗೆ ಸುಮ್ಮನಿರಿ. ಆಮೇಲೆ ರಾಡ್ ತುದಿಯಿಂದ ಒಂದು ಚಿಟಕೆ, 'ಬ್ಲಪ್' ಅಂತ ನೀರು ಉಗುಳುತ್ತೆ. ಮತ್ತೆ ಸುಮ್ಮನಿರಿ. ಬಹಳ ಸಲ ಮೀನು ಹೊಡೆಯೋದು ಆ ಸುಮ್ಮನಿರೋ ಹೊತ್ತಲ್ಲೇ. ಎರಡನೇದು ಹೆಡ್ಡನ್ ಕಂಪನಿಯ ಜಾರಾ ಸ್ಪೂಕ್ ಥರದ್ದು, ಚುಟ್ಟಾ ಆಕಾರ. ದಾರ ಸಡಿಲ ಬಿಟ್ಟು ರಾಡ್ ತುದಿ ಕೆಳಗಿಟ್ಟು ಟಕ್ ಟಕ್ ಅಂತ ತಾಳ ಹಿಡಿದು ಎಳೆದ್ರೆ ಎಡಕ್ಕೊಂದು ಸಲ ಬಲಕ್ಕೊಂದು ಸಲ ಮೂತಿ ತಿರುಗಿಸ್ಕೊಂಡು ಬರುತ್ತೆ. ಕಲಿಯೋಕೆ ಒಂದು ವಾರ ಬೇಕು. ದಾರ ಬಿಗಿ ಹಿಡಿದ್ರೆ ನೆಟ್ಟಗೆ ಬರುತ್ತೆ, ಅಷ್ಟೇ ತಪ್ಪು. ಬಜ್‌ಬೇಟ್ ಅಂತ ಇನ್ನೊಂದು, ಸಣ್ಣ ಫ್ಯಾನ್ ಇರೋದು, ಸುತ್ತೋದು ನಿಲ್ಲಿಸಿದ್ರೆ ಮುಳುಗಿಬಿಡುತ್ತೆ. ಜೊಂಡು, ಪಾಚಿ, ತಾವರೆ ಎಲೆ ತುಂಬಿದ ಕಡೆ ಮಾತ್ರ ರಬ್ಬರ್ ಕಪ್ಪೆ. ಅದರ ಎರಡು ಕೊಕ್ಕೆ ಬೆನ್ನಿಗೆ ಅಂಟಿಕೊಂಡಿರುತ್ತೆ, ಎಲೆ ಮೇಲೆ ತೆವಳಿದ್ರೂ ಸಿಕ್ಕಿಕೊಳ್ಳಲ್ಲ. ಮೀನು ಕಚ್ಚಿ ಅಮುಕಿದಾಗಲೇ ಮುಳ್ಳು ಹೊರಗೆ ಬರೋದು.

ದಾರದ ಬಗ್ಗೆ ಒಂದೇ ಮಾತು. ಫ್ಲೋರೋಕಾರ್ಬನ್ ಹಾಕಬೇಡಿ, ಅದು ಮುಳುಗುತ್ತೆ, ಲ್ಯೂರ್ ಮೂತಿಯನ್ನೂ ಕೆಳಗೆಳೆಯುತ್ತೆ. ಮೊನೊ ತೇಲುತ್ತೆ. ಕಪ್ಪೆಗೆ 50 ಪೌಂಡ್ ತಡೆಯೋ ಬ್ರೇಡ್.

ಇನ್ನು ಎಲ್ಲರೂ ಸೋಲೋ ಜಾಗ. ನೀರು ಒಡೆದ ಕೂಡಲೇ ಕೈ ತಾನಾಗೇ ರಾಡ್ ಎಳೆದುಬಿಡುತ್ತೆ. ಆಗ ಲ್ಯೂರ್ ಮೀನಿನ ಬಾಯಿಂದ ಹಾರಿ ನಿಮ್ಮ ಮುಖದ ಕಡೆ ಬರುತ್ತೆ, ಮೂರ್ಮುಳ್ಳಿನ ಕೊಕ್ಕೆ ಸಮೇತ. (ಕನ್ನಡಕ ಹಾಕ್ಕೊಳ್ಳಿ, ಇದು ತಮಾಷೆ ಅಲ್ಲ.) ಕಣ್ಣಿಗೆ ಕಂಡಿದ್ದಕ್ಕೆ ಎಳೆಯಬಾರದು, ಕೈಗೆ ಭಾರ ಬಂದ ಮೇಲೆ ಎಳೀಬೇಕು. ಕಪ್ಪೆಯಾದ್ರೆ ಇನ್ನೂ ಒಂದು ಉಸಿರು ಜಾಸ್ತಿ. ತಪ್ಪಿತಾ, ಲ್ಯೂರ್ ಅಲ್ಲೇ ಬಿಡಿ, ಕದಲಿಸಿ ನೋಡಿ, ಎರಡನೇ ಸಲ ಬರಬಹುದು. ಬರಲಿಲ್ಲ ಅಂದ್ರೆ ಅದೇ ಜಾಗಕ್ಕೆ ನಿಧಾನ ಮುಳುಗೋ ಸಾಫ್ಟ್ ಪ್ಲಾಸ್ಟಿಕ್ ಹುಳ ಎಸೀರಿ. ಇದನ್ನ ನಾನು ಎರಡು ಸೀಸನ್ ತೆಗೆದುಕೊಂಡು ಕಲಿತೆ. ಅಪ್ಪ ದಡದಲ್ಲಿ ಕೂತು ಮೊದಲ ದಿನವೇ ಹೇಳಿದ: 'ಕಾಣ್ತು ಅಂತ ಎಳೀಬ್ಯಾಡ ಕಣವ್ವ, ಬಾರ ಬರ್ಲಿ.'

ಮೂರನೇ ದಿನ ಆದದ್ದು ಹೇಳಬೇಕು.

ಬಾಗಿದ ಮರದ ನೆರಳಲ್ಲಿ, ದಡದಿಂದ ಎರಡು ಮಾರು ದೂರ, ನೀರಿನ ಮೇಲ್ಗಡೆ ಕಪ್ಪು ಹೊಗೆಯ ಉಂಡೆ ಥರ ಏನೋ ಅಲ್ಲಾಡ್ತಿತ್ತು. ಬ್ಯಾಸ್ ಮರಿಗಳು, ಕೊತ್ತಂಬರಿ ಬೀಜಕ್ಕಿಂತ ಸ್ವಲ್ಪ ದೊಡ್ಡವು, ನೂರಾರು. ಬ್ಯಾಸ್‌ನಲ್ಲಿ ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತೆ. ಗೂಡು ಮಾಡೋದು, ಮೊಟ್ಟೆ ಕಾಯೋದು, ಮರಿ ಆದಮೇಲೂ ಕೆಲವು ವಾರ ಅವುಗಳ ಸುತ್ತ ತಿರುಗಿಕೊಂಡಿರೋದು ಗಂಡು. ಆ ಹೊತ್ತಲ್ಲಿ ಅದಕ್ಕೆ ಸರಿಯಾದ ಊಟವೂ ಇಲ್ಲ. ಆದ್ರೆ ಮರಿಗಳ ಮೇಲೆ ಏನೇ ತೇಲಿ ಬಂದರೂ ಸಿಟ್ಟಲ್ಲಿ ನುಗ್ಗಿ ಹೊಡೆಯುತ್ತೆ. ಟಾಪ್‌ವಾಟರ್‌ನವರಿಗೆ ಇದು ಚೆನ್ನಾಗಿ ಗೊತ್ತು. ಮರಿ ಕಂಡ್ರೆ ಅದರ ಮೇಲೇ ಪಾಪರ್ ಎಸೀರಿ, ಗ್ಯಾರಂಟಿ ಅಂತ ವಿಡಿಯೋಗಳಲ್ಲಿ ಹೇಳ್ತಾರೆ. ನನಗೂ ಗೊತ್ತಿತ್ತು.

'ಮರಿ ಅವೆ ಕಣವ್ವ, ಬುಡು' ಅಂದ ಅಪ್ಪ. ನಾನು ಎಸೆದೆ. ಅಪ್ಪನಿಗೆ ಒಂದು ಮೀನು ತೋರಿಸಬೇಕಿತ್ತು. ಎರಡು ದಿನ ಬರಿಗೈಲಿ ಹೋಗಿದ್ವಿ.

ಒಂದೇ ಚಿಟಕೆಗೆ ಹೊಡೀತು. ಎರಡು ಪೌಂಡ್ ಇರಬಹುದು, ಬಾಲದ ಅಂಚು ಗೂಡು ಗುಡಿಸಿ ಗುಡಿಸಿ ಸವೆದು ಕೆಂಪಗಾಗಿತ್ತು. ಕೆಳದವಡೆ ಹಿಡಿದು ಎತ್ತಿ, ಅಪ್ಪನ ಕೈಗೆ ಫೋನ್ ಕೊಟ್ಟು, ಫೋಟೊ, ಇನ್ನೊಂದು ಫೋಟೊ, ವಾಟ್ಸಾಪ್‌ಗೆ ಒಂದು ಸಣ್ಣ ವಿಡಿಯೋ. ಎರಡು ಮೂರು ನಿಮಿಷ. ಅಪ್ಪ ಫೋನ್ ಕಡೆ ನೋಡ್ತಿರಲಿಲ್ಲ. ಅವನು ನೋಡ್ತಿದ್ದ ಕಡೆ ನಾನೂ ತಿರುಗಿದೆ. ಅಂಗೈ ಅಗಲದ ಬ್ಲೂಗಿಲ್ ಮೀನುಗಳು, ಏಳೆಂಟು ಇರಬೇಕು, ಆ ಕಪ್ಪು ಉಂಡೆಯೊಳಗೆ ನುಗ್ಗಿದ್ವು. ನೀರು ಸಣ್ಣಗೆ ಚಿಟಿಚಿಟಿ ಅಂತಿತ್ತು. ಗಂಡನ್ನು ಬಿಟ್ಟೆ. ಅದು ಮರಿಗಳ ಕಡೆ ಹೋಗಲಿಲ್ಲ, ಸುಸ್ತಾಗಿ ತಳಕ್ಕಿಳಿದು ನಿಂತುಬಿಡ್ತು. ಹೋಗೋಷ್ಟರಲ್ಲಿ ಉಂಡೆ ಅಂತ ಏನೂ ಉಳಿದಿರಲಿಲ್ಲ.

ಮನೆ ತನಕ ಅಪ್ಪ ಮಾತಾಡಲಿಲ್ಲ. ನಾನೂ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತೆ.

ಸಂಜೆ ಅವನೇ ಶುರು ಮಾಡಿದ. ನಮ್ಮೂರ ಕೆರೆಯ ಕೊರಮೀನಿನ ಕಥೆ, ಪೇಟೇಲಿ ಮುರೆಲ್ ಅಂತ ಮಾರ್ತಾರಲ್ಲ, ಅದು. ಅದರ ಮರಿಗಳೂ ಹೀಗೇ ನೀರಿನ ಮೇಲೆ ಗುಂಪಾಗಿ ಉಸಿರಿಗೆ ಬರ್ತವೆ, ಕೆಂಪಗೆ. ಅಪ್ಪ ಅಮ್ಮ ಕೆಳಗೇ ಕಾಯ್ತಿರ್ತವೆ. ಅದರ ಮೇಲೆ ಪುಟ್ಟ ಕಪ್ಪೆ ಸಿಕ್ಕಿಸಿದ ಗಾಳ ಇಳಿಬಿಟ್ರೆ ಸಾಕು. ಹುಡುಗನಾಗಿದ್ದಾಗ ಒಂದು ಮಳೆಗಾಲ ಅಪ್ಪ ಹಾಗೆ ಒಂದರ ಹಿಂದೆ ಒಂದು ಜೋಡಿ ಹಿಡಿದಿದ್ದನಂತೆ. 'ಸಾರು ಚೆನ್ನಾಗಿತ್ತು' ಅಂದ. ಸ್ವಲ್ಪ ಹೊತ್ತು ಬಿಟ್ಟು, 'ಮಾರ್ನೇ ದಿನ ಮರಿ ನೋಡಾಕೆ ಹೋದೆ. ಇರ್ನಿಲ್ಲ' ಅಂದ.

ಕೆನಡಾದ ಆಂಟೇರಿಯೊದ ದಕ್ಷಿಣ ಭಾಗದಲ್ಲಿ ಹಲವು ಕಡೆ ಈ ಗಂಡುಗಳ ಸಲುವಾಗಿಯೇ ಜೂನ್‌ವರೆಗೆ ಬ್ಯಾಸ್ ಸೀಸನ್ ತೆರೆಯಲ್ಲ. ಟೆಕ್ಸಸ್‌ನಲ್ಲಿ ಹಾಗೆ ಇಲ್ಲ, ವರ್ಷವಿಡೀ ಹಿಡೀಬಹುದು, ಕಾನೂನು ಪ್ರಕಾರ ನಾನು ತಪ್ಪು ಮಾಡಿಲ್ಲ. ಒಂದು ಕೊಳದಲ್ಲಿ ಒಂದು ಗುಂಪು ಮರಿ ಹೋದರೆ ಬ್ಯಾಸ್ ವಂಶವೇ ಮುಳುಗಲ್ಲ ಅನ್ನೋದೂ ಗೊತ್ತು. ಆದ್ರೂ ಈಗ ಕಪ್ಪು ಉಂಡೆ ಕಂಡ್ರೆ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಎಸೀತೀನಿ. ಮರಿಗಳಿಂದ ದೂರ, ಆಳ ಶುರುವಾಗೋ ಅಂಚಿನಲ್ಲಿ, ಮೊಟ್ಟೆ ಇಟ್ಟು ಹಸಿದ ಹೆಣ್ಣುಗಳು ಇರ್ತವೆ. ಅವೇ ದೊಡ್ಡವು ಕೂಡ. ಜಾರಾ ಸ್ಪೂಕ್ ಅಲ್ಲಿಗೇ ಸರಿ.

ಊರಲ್ಲಿ ಇರೋರಿಗೆ: ನಮ್ಮ ಕೆರೆಗಳಲ್ಲಿ ಬ್ಯಾಸ್ ಇಲ್ಲ, ಆದ್ರೆ ಇದೇ ರಬ್ಬರ್ ಕಪ್ಪೆಗೆ ಕೊರಮೀನು ಚೆನ್ನಾಗಿ ಕಚ್ಚುತ್ತೆ. ಬಹಳ ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತೆ, ಕೇಳಿಕೊಂಡು ಹೋಗಿ. ಮರಿ ಕಂಡ್ರೆ ಏನು ಮಾಡಬೇಕು ಅಂತ ನಾನು ಹೇಳಬೇಕಾಗಿಲ್ಲ.

ಅಪ್ಪ ಊರಿಗೆ ಹೊರಡೋ ಹಿಂದಿನ ಭಾನುವಾರ ಕೊನೇ ಸಲ ಹೋದ್ವಿ. ಜುಲೈ, ಕೊಳದ ತುಂಬಾ ಪಾಚಿ. ಎರಡು ತಿಂಗಳಲ್ಲಿ ಅವನ ಎಸೆತ ನನಗಿಂತ ಚೆನ್ನಾಗಿ ಆಗಿತ್ತು. ಕಪ್ಪೆಯನ್ನು ಪಾಚಿಯ ಸಣ್ಣ ಕಂಡಿ ಹತ್ತಿರ ತಂದು ನಿಲ್ಲಿಸಿದ. ನಿಲ್ಲಿಸೇ ಇದ್ದ. ನಾನಾಗಿದ್ರೆ ಅಷ್ಟು ಹೊತ್ತು ಕಾಯ್ತಿರಲಿಲ್ಲ. ಪಾಚಿ ಉಬ್ಬಿ ಒಡೀತು, ಕಪ್ಪೆ ಮಾಯ. ಅಪ್ಪ ಕದಲಲಿಲ್ಲ. ಆಮೇಲೆ ಎಳೆದ. ಒಂದೂವರೆ ಪೌಂಡ್ ಇದ್ದಿರಬೇಕು. ನಾನು ಫೋನ್ ತೆಗೆದೆ.

'ಬ್ಯಾಡ ಕಣವ್ವ' ಅಂತ ಹೇಳಿ, ಮಂಡಿಯೂರಿ ಕೂತು, ನೀರಿನಿಂದ ಎತ್ತದೇನೇ ಕೊಕ್ಕೆ ಬಿಡಿಸಿದ.