ಏಳು ಬೀಗಗಳ ದೇಶ

ಬೇಸಗೆ ಬಂದಿತೆಂದರೆ ಯುರೋಪಿನ ಪ್ರವಾಸಕ್ಕೆ ಹೊರಡುವ ನಮ್ಮವರು ಈಗ ಅನೇಕರಿದ್ದಾರೆ. ಲಂಡನ್, ಪ್ಯಾರಿಸ್, ರೋಮ್ ನಗರಗಳನ್ನೂ ಸ್ವಿಟ್ಜರ್ಲೆಂಡಿನ ಹಿಮಶಿಖರಗಳನ್ನೂ ಕಂಡು ಬಂದವರು ಯುರೋಪನ್ನೇ ಕಂಡೆವೆಂದು ತೃಪ್ತಿಪಡುವುದು ವಾಡಿಕೆಯಾಗಿದೆ. ಸಾಮ್ರಾಜ್ಯಗಳನ್ನು ಕಟ್ಟಿದವರ ರಾಜಧಾನಿಗಳನ್ನು ನೋಡಬಾರದೆಂದು ನಾವು ಹೇಳೆವು. ಆದರೆ ಎರಡು ಪ್ರಬಲ ರಾಜ್ಯಗಳ ನಡುವೆ ಸಿಕ್ಕಿಕೊಂಡೂ ಅವುಗಳ ಬಾಯಿಗೆ ತುತ್ತಾಗದೆ ಉಳಿದುಬಂದ ಪುಟ್ಟ ನಾಡೊಂದನ್ನು ನೋಡಿ ಬರುವುದು, ಪರರ ಆಳ್ವಿಕೆಯ ಕಹಿಯನ್ನು ಉಂಡು ಬಲ್ಲ ಜನರಿಗೆ ಇನ್ನೂ ಹೆಚ್ಚಿನ ಪ್ರಯೋಜನವುಳ್ಳದ್ದೆಂದು ನಮ್ಮ ಅಭಿಪ್ರಾಯ. ಅಂತಹ ನಾಡು ಅಂಡೋರಾ.

ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ನಡುವೆ ಗೋಡೆಯಂತೆ ನಿಂತಿರುವ ಪಿರನೀಸ್ ಪರ್ವತಶ್ರೇಣಿಯ ಮಡಿಲಲ್ಲಿ ಈ ದೇಶವಿದೆ. ಇದರ ವಿಸ್ತೀರ್ಣವು ಕೇವಲ 468 ಚದರ ಕಿಲೋಮೀಟರು. ನಮ್ಮ ಅನೇಕ ತಾಲ್ಲೂಕುಗಳು ಇದಕ್ಕಿಂತ ದೊಡ್ಡವು. ಜನಸಂಖ್ಯೆಯು ಒಂದು ಲಕ್ಷವನ್ನೂ ಮುಟ್ಟಿಲ್ಲ. ರೈಲು ಇಲ್ಲ, ವಿಮಾನ ನಿಲ್ದಾಣವಿಲ್ಲ, ಸೈನ್ಯವೂ ಇಲ್ಲ. ಸ್ಪೇನಿನ ಬಾರ್ಸಿಲೋನಾದಿಂದಾಗಲಿ ಫ್ರಾನ್ಸಿನ ತುಲೂಸಿನಿಂದಾಗಲಿ ಬಸ್ಸು ಹಿಡಿದು ಸುಮಾರು ಮೂರು ಗಂಟೆಗಳ ಕಾಲ ಕಣಿವೆಯ ದಾರಿಯಲ್ಲಿ ಹೋಗಬೇಕು. ಅಂಡೋರಾವು ಷೆಂಗೆನ್ ಒಕ್ಕೂಟಕ್ಕೆ ಸೇರಿಲ್ಲವಾದ ಕಾರಣ, ಒಮ್ಮೆ ಮಾತ್ರ ಪ್ರವೇಶಿಸುವ ವೀಸಾ ಪಡೆದ ನಮ್ಮ ಪ್ರಯಾಣಿಕರು ಅಲ್ಲಿಗೆ ಹೋದ ಮೇಲೆ ಹಿಂದಿರುಗಲಾರದೆ ತೊಡಕಿಗೆ ಸಿಲುಕುವರೆಂಬುದನ್ನೂ ಇಲ್ಲಿ ಸೂಚಿಸುವುದು ಒಳ್ಳೆಯದು.

ಹಾಗೆಂದು ಅಲ್ಲಿಗೆ ಯಾರೂ ಹೋಗುವುದಿಲ್ಲವೆಂದು ತಿಳಿಯಬಾರದು. ಇತ್ತೀಚೆಗೆ ವರ್ಷಕ್ಕೆ 80 ಲಕ್ಷಕ್ಕೂ ಮಿಕ್ಕಿದ ಜನರು ಅಲ್ಲಿಗೆ ಬಂದು ಹೋಗುತ್ತಿದ್ದಾರೆ. ಆದರೆ ಅವರಲ್ಲಿ ಬಹು ಮಂದಿ ನೆರೆಯ ಎರಡು ದೇಶಗಳವರು. ತೆರಿಗೆ ಕಡಿಮೆಯೆಂದು ಸುಗಂಧದ್ರವ್ಯ, ಹೊಗೆಸೊಪ್ಪು, ಮದ್ಯ ಮೊದಲಾದುವನ್ನು ಕೊಂಡು ಸಂಜೆಯೊಳಗೆ ಮರಳುವವರು, ಇಲ್ಲವೆ ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಆಟಕ್ಕಾಗಿ ಬರುವವರು. ರಾಜಧಾನಿಯಾದ ಅಂಡೋರಾ ಲಾ ವೆಲ್ಯಾದ ಅಂಗಡಿಸಾಲನ್ನು ಕಂಡವರಿಗೆ, ಅಲ್ಲಿಯೇ ಕೆಲವು ಹೆಜ್ಜೆಗಳ ಆಚೆ ನಿಂತಿರುವ ಹಳೆಯ ಕಲ್ಲಿನ ಮನೆಯು ಕಾಣದೆ ಹೋಗುತ್ತದೆ. ನೆರೆಯವರೇ ಹೀಗೆ ಕಡೆಗಣಿಸಿರುವಾಗ ದೂರದವರ ಮಾತನ್ನು ಹೇಳುವುದೇನು?

ಆ ಮನೆಯ ಹೆಸರು ಕಾಸಾ ದೆ ಲಾ ವಾಲ್, ಎಂದರೆ ಕಣಿವೆಯ ಮನೆ. 1580ರಲ್ಲಿ ಒಂದು ಸಿರಿವಂತ ಮನೆತನದವರು ಕಟ್ಟಿಸಿದ ಈ ಮನೆಯನ್ನು 1702ರಲ್ಲಿ ದೇಶದ ಮಹಾಸಭೆಯು ಕೊಂಡುಕೊಂಡಿತು; 2011ರಲ್ಲಿ ಹೊಸ ಭವನವು ಆಗುವವರೆಗೆ ಸಭೆಯು ಇಲ್ಲಿಯೇ ಕೂಡುತ್ತಿತ್ತು. ಇದರೊಳಗೆ ಒಂದು ಮರದ ಕಪಾಟು ಇದೆ. ನಾಡಿನ ಹಕ್ಕುಪತ್ರಗಳನ್ನು ಅದರಲ್ಲಿ ಕಾಪಾಡಿದ್ದರು. ಆ ಕಪಾಟಿಗೆ ಹೋಬಳಿಗೊಂದರಂತೆ ಬೀಗಗಳು. ಒಂದೊಂದು ಹೋಬಳಿಯ ವಶದಲ್ಲಿ ಒಂದೊಂದು ಬೀಗದ ಕೈ. ಎಲ್ಲ ಹೋಬಳಿಯವರೂ ಕೂಡಿ ಬಂದ ಹೊರತು ಕಪಾಟು ತೆರೆಯುವಂತಿಲ್ಲ. ಮೊದಲು ಆರು ಹೋಬಳಿಗಳಿದ್ದುವು. 1978ರಲ್ಲಿ ಏಳನೆಯದು ಸೇರಿತು. ಇಂದಿಗೂ ಮಹಾಸಭೆಯ 28 ಸ್ಥಾನಗಳಲ್ಲಿ ಅರ್ಧವು, ಹೋಬಳಿಯು ಚಿಕ್ಕದಿರಲಿ ದೊಡ್ಡದಿರಲಿ, ಏಳಕ್ಕೂ ಎರಡೆರಡರಂತೆ ಸಮನಾಗಿ ಹಂಚಲ್ಪಟ್ಟಿದೆ. ಒಗ್ಗಟ್ಟನ್ನು ಕುರಿತು ಭಾಷಣ ಮಾಡುವವರು ಎಲ್ಲೆಲ್ಲಿಯೂ ಇದ್ದಾರೆ. ಅದನ್ನು ಬಡಗಿಯಿಂದ ಮಾಡಿಸಿ ಗೋಡೆಗೆ ಆನಿಸಿ ನಿಲ್ಲಿಸಿದವರು ಈ ಬೆಟ್ಟದ ಜನರು.

ಈ ದೇಶವು ಉಳಿದುಬಂದ ಬಗೆಯು ವಿಚಿತ್ರವಾದುದು. ಈ ಕಣಿವೆಗಳು ತಮ್ಮವೆಂದು ಊರ್ಜೆಲ್ ಎಂಬಲ್ಲಿನ ಬಿಷಪ್ಪರೂ ಫ್ರಾನ್ಸಿನ ಕಡೆಯ ಫುವಾ ಪ್ರಾಂತದ ಕೌಂಟರೂ ಬಹುಕಾಲ ಜಗಳವಾಡಿ, 1278ರಲ್ಲಿ ಒಡಂಬಡಿಕೆ ಮಾಡಿಕೊಂಡರು: ಇಬ್ಬರೂ ಸಮಾನ ಪ್ರಭುಗಳು, ಕಪ್ಪಕಾಣಿಕೆಯು ಒಂದು ವರ್ಷ ಒಬ್ಬರಿಗೆ, ಮರುವರ್ಷ ಇನ್ನೊಬ್ಬರಿಗೆ. ಕೌಂಟರ ಹಕ್ಕು ಕಾಲಕ್ರಮದಲ್ಲಿ ಫ್ರಾನ್ಸಿನ ಅರಸರಿಗೆ, ಅರಸರ ತರುವಾಯ ಅಲ್ಲಿನ ಅಧ್ಯಕ್ಷರಿಗೆ ಬಂದಿತು. ಫ್ರಾನ್ಸಿನ ಕ್ರಾಂತಿಕಾರಿ ಸರ್ಕಾರವು 1793ರಲ್ಲಿ ಕಪ್ಪವನ್ನು ಒಲ್ಲೆನೆಂದಿತು. ಸಾಮಾನ್ಯರು ಇದಕ್ಕೆ ಹಿಗ್ಗಬಹುದಾಗಿತ್ತು, ಅಂಡೋರಾದವರು ಚಿಂತೆಗೊಂಡರು. ಒಬ್ಬ ಪ್ರಭುವು ಕೈಬಿಟ್ಟರೆ ಉಳಿದವನ ಕೈ ಬಿಗಿಯಾಗುವುದೆಂಬುದು ಅವರಿಗೆ ತಿಳಿದಿತ್ತು. ಕಪ್ಪವನ್ನು ಪುನಃ ಸ್ವೀಕರಿಸಬೇಕೆಂದು ಬೇಡಿಕೊಂಡರು. 1806ರಲ್ಲಿ ನೆಪೋಲಿಯನ್ನನು ಹಳೆಯ ಏರ್ಪಾಡನ್ನು ಮತ್ತೆ ಊರ್ಜಿತಗೊಳಿಸಿದನು. ಇಬ್ಬರಿಗೂ ಅಷ್ಟಿಷ್ಟು ಕೊಟ್ಟು, ಇಬ್ಬರಿಗೂ ಪೂರ್ತಿಯಾಗಿ ಸೇರದೆ ಬದುಕಿದ ಜನರ ಜಾಣ್ಮೆಯನ್ನು ಮೆಚ್ಚಲೇಬೇಕು.

ಆದರೆ ಮೆಚ್ಚುಗೆಗೂ ಒಂದು ಮೇರೆಯಿದೆ. ಜಾಣ್ಮೆಯಿಂದ ದೊರೆತ ಉಳಿವು ಸ್ವಾತಂತ್ರ್ಯಕ್ಕೆ ಸಮನಾಗಲಾರದು. 1933ರವರೆಗೆ ಅಲ್ಲಿ ಕುಟುಂಬದ ಯಜಮಾನರಿಗೆ ಮಾತ್ರ ಮತವಿತ್ತು. ಸ್ತ್ರೀಯರಿಗೆ ಮತದಾನದ ಹಕ್ಕು ದೊರೆತುದು 1970ರಲ್ಲಿ. 1993ರ ಮಾರ್ಚಿಯಲ್ಲಿ ಪ್ರಜೆಗಳು ಮತಕೊಟ್ಟು ರಾಜ್ಯಾಂಗವನ್ನು ಅಂಗೀಕರಿಸಿದ ಮೇಲೆಯೇ ಪರಮಾಧಿಕಾರವು ಪ್ರಭುಗಳಿಂದ ಪ್ರಜೆಗಳಿಗೆ ಬಂದಿತು. ಪ್ರಾಚೀನ ಕಪ್ಪವು ಕೊನೆಗೊಂಡಿತು. ಅದೇ ವರ್ಷ ಜುಲೈ ತಿಂಗಳಲ್ಲಿ ವಿಶ್ವಸಂಸ್ಥೆಯಲ್ಲಿ ಆಸನವೂ ದೊರೆಯಿತು. ಬಿಷಪ್ಪರೂ ಫ್ರಾನ್ಸಿನ ಅಧ್ಯಕ್ಷರೂ ಇಂದಿಗೂ ಸಹಪ್ರಭುಗಳಾಗಿದ್ದಾರೆ, ಆದರೆ ರಾಜ್ಯಾಂಗದ ಮೇರೆಯೊಳಗೆ. ತನ್ನ ಪ್ರಭುಗಳಲ್ಲಿ ಒಬ್ಬರನ್ನು ಪರದೇಶದ ಮತದಾರರು ಆರಿಸುವುದು ಸೋಜಿಗವೇ ಸರಿ. ಅದನ್ನು ಇಟ್ಟುಕೊಳ್ಳುವುದೂ ಬಿಡುವುದೂ ಈಗ ಅಲ್ಲಿನ ಪ್ರಜೆಗಳ ಕೈಯಲ್ಲಿದೆ.

ಇಷ್ಟೆಲ್ಲವನ್ನೂ ದಾಟಿ ಬಂದ ನಾಡಿಗೆ ಇಂದು ಅಪಾಯವಿರುವುದು ಅದರ ಸಂಪತ್ತಿನಿಂದಲೇ. ಸ್ಪೇನಿನ ಕಡೆಯಿಂದ 1913ರಲ್ಲಿ ಬಂಡಿಯ ರಸ್ತೆಯು ಬರುವವರೆಗೆ ಕುರಿ ಕಾಯ್ದು, ಹೊಗೆಸೊಪ್ಪು ಬೆಳೆದು ಬದುಕಿದವರ ಕಣಿವೆಯಲ್ಲಿ ಇಂದು ನೆಲಕ್ಕೆ ಚಿನ್ನದ ಬೆಲೆ. ವರಮಾನ ತೆರಿಗೆಯು 2015ರವರೆಗೆ ಇರಲೇ ಇಲ್ಲ. ಬಂದ ಮೇಲೆಯೂ ಅದರ ಗರಿಷ್ಠ ದರವು ನೂರಕ್ಕೆ ಹತ್ತು. ಇದನ್ನು ಕಂಡು ಹೊರಗಿನ ಧನಿಕರು ಬಂದು ನೆಲಸುತ್ತಾರೆ, ಬಾಡಿಗೆಗಳು ಏರುತ್ತವೆ, ಹೋಟೆಲುಗಳಲ್ಲಿ ದುಡಿಯುವವರಿಗೆ ತಲೆಯ ಮೇಲೆ ಸೂರು ದೊರೆಯುವುದು ದುರ್ಲಭವಾಗಿದೆ. ನಿವಾಸಿಗಳಲ್ಲಿ ಅಂಡೋರಾದ ಪ್ರಜೆಗಳು ಅರ್ಧಕ್ಕಿಂತಲೂ ಕಡಿಮೆ. ಸ್ಪೇನ್, ಪೋರ್ಚುಗಲ್‌ಗಳಿಂದ ಬಂದು ದುಡಿಯುವವರು ಪ್ರಜೆಗಳಾಗಬೇಕಾದರೆ ಸಾಮಾನ್ಯವಾಗಿ 20 ವರ್ಷ ಕಾಯಬೇಕು.

ದೇಶಭಾಷೆಯ ಪಾಡೂ ಹೀಗೆಯೇ. ರಾಜ್ಯಾಂಗವು ಕಟಲಾನ್ ಒಂದನ್ನೇ ರಾಜ್ಯಭಾಷೆಯೆಂದು ಸಾರಿದೆ. ಆ ಭಾಷೆಗೆ ಇಂತಹ ಏಕಮಾತ್ರ ಪಟ್ಟವು ದೊರೆತಿರುವ ಸ್ವತಂತ್ರ ರಾಜ್ಯವು ಜಗತ್ತಿನಲ್ಲಿ ಇದೊಂದೇ. ನೆರೆಯ ಸ್ಪೇನಿನಲ್ಲಿ ಫ್ರಾಂಕೋವಿನ ಸರ್ವಾಧಿಕಾರವು ಆ ಭಾಷೆಯನ್ನು ಶಾಲೆ ಕಚೇರಿಗಳಿಂದ ಹೊರದೂಡಿದ್ದಾಗಲೂ ಈ ಕಣಿವೆಯ ಸಭೆಯು ಅದರಲ್ಲಿಯೇ ವ್ಯವಹರಿಸುತ್ತಿತ್ತು. ಆದರೂ ಅಂಡೋರಾಕ್ಕೆ ತನ್ನದೇ ಆದ ಶಾಲಾವ್ಯವಸ್ಥೆಯು ಬಂದುದು 1982ರಲ್ಲಿ. ಅದುವರೆಗೆ ಮಕ್ಕಳು ಫ್ರೆಂಚರ ಇಲ್ಲವೆ ಸ್ಪೇನಿನವರ ಪದ್ಧತಿಯ ಶಾಲೆಗಳಲ್ಲಿ ಕಲಿಯುತ್ತಿದ್ದರು. ಇಂದು ರಾಜಧಾನಿಯ ಅಂಗಡಿಗಳಲ್ಲಿ ಸ್ಪೇನಿನ ಭಾಷೆಯೇ ಹೆಚ್ಚಾಗಿ ಕಿವಿಗೆ ಬೀಳುತ್ತದೆ. ಇದನ್ನು ಮನಗಂಡು 2024ರಲ್ಲಿ ಮಹಾಸಭೆಯು ಕಾನೂನು ಮಾಡಿ, ನಿವಾಸದ ಅನುಮತಿಯನ್ನು ನವೀಕರಿಸಿಕೊಳ್ಳುವವರು ಕಟಲಾನನ್ನು ಪ್ರಾಥಮಿಕ ಮಟ್ಟಕ್ಕಾದರೂ ಕಲಿಯಬೇಕೆಂದು ವಿಧಿಸಿತು. ಇದು ನ್ಯಾಯವೆಂದೇ ನಾವು ಭಾವಿಸುತ್ತೇವೆ. ಒಂದು ಮನೆಯಲ್ಲಿ ನೆಲಸುವವನು ಆ ಮನೆಯವರ ಮಾತನ್ನು ಕಲಿಯಲೆಂಬುದು ದಬ್ಬಾಳಿಕೆಯಾಗದು. ಆದರೆ ಕಲಿತವನಿಗೆ ಜಗಲಿಯಲ್ಲಿಯೇ ಇಪ್ಪತ್ತು ವರ್ಷ ಕುಳಿತಿರೆಂದು ಹೇಳುವುದು ಆತಿಥ್ಯವೂ ಆಗದು, ರಾಜನೀತಿಯೂ ಆಗದು. ಭಾಷೆಯನ್ನು ಕೇಳುವ ರಾಜ್ಯವು ಪ್ರತಿಯಾಗಿ ಪೌರತ್ವದ ಬಾಗಿಲನ್ನು ಇನ್ನಷ್ಟು ತೆರೆಯಬೇಕು. ಏಳು ಬೀಗಗಳನ್ನು ಮಾಡಿಸಿದ ಹಿರಿಯರು ಏಳು ಬೀಗದ ಕೈಗಳನ್ನೂ ಮಾಡಿಸಿದ್ದರೆಂಬುದನ್ನು ಅವರ ಮಕ್ಕಳು ನೆನೆಯಬೇಕು.

ಪ್ರವಾಸಿಗಳಿಗೆ ನಮ್ಮ ಸೂಚನೆಯಿಷ್ಟೆ. ಅಂಡೋರಾಕ್ಕೆ ಹೋಗುವವರು ಕನಿಷ್ಠಪಕ್ಷ ಎರಡು ರಾತ್ರಿಯಾದರೂ ನಿಲ್ಲಬೇಕು. ಒಂದು ದಿನ ಕಣಿವೆಯ ಮನೆಯನ್ನೂ ಆ ಕಪಾಟನ್ನೂ ನೋಡಬೇಕು. ಇನ್ನೊಂದು ದಿನ, 2004ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮದ್ರಿಯು ಕಣಿವೆಯನ್ನು ಹೊಗಬೇಕು. ಅದು ಮೋಟಾರು ರಸ್ತೆಯಿಲ್ಲದ ಕಣಿವೆ. ಕುರಿಗಾಹಿಗಳ ಕಲ್ಲಿನ ಗುಡಿಸಲುಗಳ ನಡುವೆ ಕಾಲುದಾರಿಯಲ್ಲಿ ನಡೆದೇ ಹೋಗಬೇಕು. ದೇಶವು ಸಣ್ಣದು, ಆದರೆ ಅದನ್ನು ಕೊಂಡು ಚೀಲದಲ್ಲಿ ತುಂಬಿಕೊಂಡು ಬರುವಷ್ಟು ಸಣ್ಣದಲ್ಲ.