ವಕೀಲ ಅಂದ್ರೆ ಬಾಡಿಗೆ ಬಾಯಲ್ಲ

ಅಮೆರಿಕದ ಟ್ರಂಪ್ ಅವರ ವಕೀಲರು ಕೈಕೊಟ್ಟ ಕಥೆ ನೆನಪಿದೆ ಅಲ್ವಾ? 2021ರ ಜನವರಿ ಕೊನೆ. ಕ್ಯಾಪಿಟಲ್ ಭವನಕ್ಕೆ ನುಗ್ಗಿದ ಗುಂಪಿಗೆ ಕುಮ್ಮಕ್ಕು ಕೊಟ್ಟರು ಅನ್ನೋ ಆರೋಪ. ಸೆನೆಟ್‌ನಲ್ಲಿ ವಾಗ್ದಂಡನೆ ವಿಚಾರಣೆಗೆ ಹತ್ತೇ ದಿನ ಬಾಕಿ. ಆಗ ಬುಚ್ ಬೋವರ್ಸ್, ಡೆಬೊರಾ ಬಾರ್ಬಿಯರ್ ಸೇರಿ ಐದು ಮಂದಿ ವಕೀಲರು ತಂಡ ಬಿಟ್ಟು ಹೊರನಡೆದರು.

ಈ ವಿಷಯ ಎತ್ತಿದರೆ ಸಾಕು, ನಮ್ಮ ಮುಂಬೈ ಕನ್ನಡ ಬಳಗದಲ್ಲಿ ಎರಡು ಪಕ್ಷ. "ಹೇಡಿಗಳು, ನಡುನೀರಲ್ಲಿ ಕೈಬಿಟ್ಟರು" ಅಂತ ಕೆಲವರು. "ಶಭಾಷ್, ಅಂಥವರ ಪರ ಯಾರೂ ನಿಲ್ಲಬಾರದು" ಅಂತ ಉಳಿದವರು. ಸ್ವಾಮಿ, ಎರಡೂ ತಪ್ಪು.

ಮೊದಲು ಶಭಾಷ್ ಅನ್ನುವವರಿಗೆ. ನಾವು ಇರೋದು ಕಸಬ್ ವಿಚಾರಣೆ ಕಂಡ ಊರಲ್ಲಿ. 2008ರ ದಾಳಿಯ ನಂತರ ಇಲ್ಲಿನ ವಕೀಲರ ಸಂಘವೊಂದು ಅವನ ಪರ ಯಾರೂ ವಾದಿಸಬಾರದು ಅಂತ ನಿರ್ಣಯ ಮಾಡಿತ್ತು. ಆದರೂ ನ್ಯಾಯಾಲಯ ಅವನಿಗೆ ವಕೀಲರನ್ನು ಕೊಟ್ಟಿತು. ಸುಪ್ರೀಂ ಕೋರ್ಟಿನಲ್ಲಿ ರಾಜು ರಾಮಚಂದ್ರನ್ ಅವನ ಪರ ವಾದಿಸಿದರು. ಇಂಥ ನಿರ್ಣಯಗಳೇ ಕಾನೂನುಬಾಹಿರ ಅಂತ 2010ರಲ್ಲಿ ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಸಬ್‌ಗೇ ವಕೀಲರಿರಬಹುದಾದರೆ ಟ್ರಂಪ್‌ಗೆ ಯಾಕಿರಬಾರದು? ಕಕ್ಷಿದಾರ ಕೆಟ್ಟವನು ಅಂತ ವಕೀಲ ಓಡಿಹೋದರೆ ನಾಳೆ ನಿರಪರಾಧಿಗೂ ದಿಕ್ಕಿರೋದಿಲ್ಲ.

ಈಗ ಹೇಡಿಗಳು ಅನ್ನುವವರಿಗೆ. ಆಗಿನ ವರದಿಗಳ ಪ್ರಕಾರ ಜಗಳ ಇದ್ದದ್ದು ವಾದದ ಬಗ್ಗೆ. ಅಧಿಕಾರದಿಂದ ಇಳಿದವರನ್ನು ಸೆನೆಟ್ ವಿಚಾರಿಸಬಹುದಾ ಅನ್ನೋ ಸಂವಿಧಾನದ ಪ್ರಶ್ನೆ ಎತ್ತೋಣ ಅಂತ ವಕೀಲರು. ಚುನಾವಣೆಯಲ್ಲಿ ಮೋಸ ಆಗಿದೆ ಅಂತಲೇ ವಾದಿಸಬೇಕು ಅಂತ ಟ್ರಂಪ್. ದುಡ್ಡಿನ ತಕರಾರೂ ಇತ್ತು ಅಂತ ಕೆಲವರು ಬರೆದರು. ಇರಲಿ. ಆದರೆ ಆ ಮೋಸದ ಕಥೆ ಹಿಡಿದು ಹಾಕಿದ 60ಕ್ಕೂ ಹೆಚ್ಚು ದಾವೆಗಳು ಹೆಚ್ಚುಕಮ್ಮಿ ಎಲ್ಲವೂ ಬಿದ್ದುಹೋಗಿದ್ದವು. ಅದನ್ನೇ ಮತ್ತೆ ಹೇಳು ಅಂದರೆ ವಕೀಲ ಹೇಳಬೇಕಾ? ಕಕ್ಷಿದಾರನ ಪರ ನಿಲ್ಲೋದು ಬೇರೆ, ಅವನ ಸುಳ್ಳಿಗೆ ಬಾಯಿ ಕೊಡೋದು ಬೇರೆ. ಬಾಯಿ ಕೊಟ್ಟವರ ಗತಿ ಏನಾಯ್ತು ನೋಡಿ. ರೂಡಿ ಜೂಲಿಯಾನಿ ಅವರ ನ್ಯೂಯಾರ್ಕ್ ವಕೀಲಿಯ ಸನ್ನದು 2021ರಲ್ಲಿ ಅಮಾನತಾಯ್ತು, 2024ರಲ್ಲಿ ರದ್ದೇ ಆಯ್ತು.

ನಮ್ಮ ಬಾರ್ ಕೌನ್ಸಿಲ್ ನಿಯಮವೂ ಇದನ್ನೇ ಹೇಳುತ್ತೆ. ಒಪ್ಪಿಕೊಂಡ ಕೇಸನ್ನು ಸಾಕಷ್ಟು ಕಾರಣ ಇಲ್ಲದೆ, ಮುಂಚಿತವಾಗಿ ತಿಳಿಸದೆ ಬಿಡಬಾರದು. ದುಡಿಯದ ಫೀಸು ವಾಪಸ್ ಕೊಡಬೇಕು. ಅಂದರೆ ಬಿಡೋದಕ್ಕೂ ದಾರಿ ಇದೆ, ಅದಕ್ಕೊಂದು ಮರ್ಯಾದೆ ಇದೆ.

ತಮಾಷೆ ಏನು ಗೊತ್ತಾ? ಮರುದಿನವೇ ಡೇವಿಡ್ ಶೋನ್, ಬ್ರೂಸ್ ಕ್ಯಾಸ್ಟರ್ ಬಂದರು. ವಿಚಾರಣೆಯಲ್ಲಿ ಅವರು ಮುಂದಿಟ್ಟ ಮುಖ್ಯ ವಾದಗಳಲ್ಲಿ ಅದೇ ಸಂವಿಧಾನದ ಪ್ರಶ್ನೆಯೂ ಇತ್ತು! ಫೆಬ್ರವರಿ 13ರಂದು 57 ಮತ ತಪ್ಪಿತಸ್ಥ ಅಂದಿತು, 43 ಅಲ್ಲ ಅಂದಿತು. ಬೇಕಿದ್ದದ್ದು 67. ಟ್ರಂಪ್ ಬಚಾವ್. ಅವರ ಪಕ್ಷದ ನಾಯಕ ಮಿಚ್ ಮೆಕ್‌ಕಾನಲ್ ಖುಲಾಸೆಗೆ ಮತ ಹಾಕಿ, ಕೊಟ್ಟ ಕಾರಣ ಅದೇ: ಮಾಜಿಯಾದವರನ್ನು ವಿಚಾರಿಸೋ ಅಧಿಕಾರ ನಮಗಿಲ್ಲ. ಜೊತೆಗೆ, ಗಲಭೆಗೆ ನೈತಿಕ ಹೊಣೆ ಟ್ರಂಪ್ ಅವರದೇ ಅಂತಲೂ ಅಂದರು.

ಹೋದ ವಕೀಲರು ಹೇಳಿದ್ದ ಮದ್ದೇ ಕೊನೆಗೆ ಕೆಲಸಕ್ಕೆ ಬಂತು. ಕಕ್ಷಿದಾರನ ಮುಖ ನೋಡಿ "ಇದು ಆಗಲ್ಲ ಸಾರ್" ಅನ್ನೋನೇ ನಿಜವಾದ ವಕೀಲ. ಏನಂತೀರಿ?