ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ

ಕೂರು ಎಂದರೆ ಕೂರುತ್ತದೆ, ಕೈ ಕೊಡು ಎಂದರೆ ಕೊಡುತ್ತದೆ. ಆದರೆ ತಟ್ಟೆಯ ಹತ್ತಿರ ಮಗು ಹೋದರೆ ಮಾತ್ರ ‘ಗುರ್’ ಎನ್ನುತ್ತದೆ. ನಿಮ್ಮ ಮನೆಯ ನಾಯಿಯೂ ಹೀಗೆಯೇ? ಎರಡು ಬಾರಿಸಿ ಬುದ್ಧಿ ಕಲಿಸುತ್ತಿದ್ದೀರಾ? ದಯವಿಟ್ಟು ನಿಲ್ಲಿಸಿ.

ತನ್ನ ಅನ್ನ ಕಾಯುವುದು ನಾಯಿಯ ಹುಟ್ಟುಗುಣ, ಉದ್ಧಟತನವಲ್ಲ. ಗುರುಗುಟ್ಟುವುದೆಂದರೆ ‘ದೂರ ಹೋಗು, ಇಲ್ಲವಾದರೆ ಕಚ್ಚುತ್ತೇನೆ’ ಎಂಬ ಎಚ್ಚರಿಕೆ. ಪೆಟ್ಟು ತಿಂದ ನಾಯಿ ಎಚ್ಚರಿಕೆ ಕೊಡುವುದನ್ನಷ್ಟೇ ಬಿಟ್ಟೀತು. ಅನ್ನ ಹೋದೀತೆಂಬ ಭಯ ಹೋಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ಮುಂದೊಂದು ದಿನ ಸದ್ದಿಲ್ಲದೆ ಬಾಯಿ ಹಾಕುತ್ತದೆ. ಚಿಕ್ಕ ಮಕ್ಕಳಾದರೆ ಅದಕ್ಕೆ ಸಿಗುವುದು ಮುಖ, ಕುತ್ತಿಗೆ.

ತರಬೇತಿಯೇ ಬೇಡವೆಂದಲ್ಲ. ಆದರೆ ಅದು ಸ್ವಭಾವದ ಜೊತೆ ಸಾಗಬೇಕು. ಮುಧೋಳ ನಾಯಿ ಬೇಟೆಯನ್ನು ಬೆನ್ನಟ್ಟಲೆಂದೇ ಬೆಳೆಸಿದ ತಳಿ. ಅದನ್ನು ಫ್ಲಾಟಿನಲ್ಲಿ ಕೂಡಿಹಾಕಿ, ಬೆಕ್ಕಿನ ಹಿಂದೆ ಓಡಿತೆಂದು ಬಯ್ದರೆ ತಪ್ಪು ಯಾರದು? ಊಟದ ವಿಷಯವೂ ಹೀಗೆಯೇ. ನಾಯಿ ತಿನ್ನುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ದೊಡ್ಡವರು ಆ ಕಡೆ ಹಾದುಹೋಗುವಾಗ ದೂರದಿಂದಲೇ ಅದಕ್ಕಿಷ್ಟವಾದ ತಿನಿಸಿನ ಚೂರೊಂದನ್ನು ಎಸೆಯಲಿ. ಮನುಷ್ಯರು ಬಂದರೆ ತಟ್ಟೆ ಬರಿದಾಗುವುದಿಲ್ಲ, ತುಂಬುತ್ತದೆ ಎಂದು ನಿಧಾನವಾಗಿ ಅದಕ್ಕೆ ಮನವರಿಕೆಯಾಗುತ್ತದೆ. ವಾರಗಳೇ ಹಿಡಿದಾವು, ಅವಸರ ಬೇಡ.

ಒಂದು ವೇಳೆ ಹಲ್ಲು ತಾಗಿದರೆ, ಮನೆಯದೇ ನಾಯಿ ಎಂದು ಸುಮ್ಮನಿರಬೇಡಿ. ಗಾಯಕ್ಕೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಹಚ್ಚಬೇಡಿ. ಅಂದೇ ವೈದ್ಯರ ಬಳಿ ಹೋಗಿ ಚುಚ್ಚುಮದ್ದಿನ ಬಗ್ಗೆ ಕೇಳಿ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ.